ಮೊದಲು ಸಹಿ ತಾಳೆ ನೋಡಿ

ರೈಲ್ವೆ ಗೇಟು ಬಿದ್ದರೆ ಯಲಹಂಕದ ಜನರಿಗೆಲ್ಲ ಬೇಸರ, ನಮ್ಮ ಮೊಮ್ಮಗನಿಗೆ ಮಾತ್ರ ಹಬ್ಬ. ಅವನಿಗೆ ಏಳು ವರ್ಷ, ಎರಡನೇ ತರಗತಿ. ಮನೆಯಲ್ಲಿ ಎಲ್ಲರೂ ಪುಟ್ಟ ಅಂತಲೇ ಕರೆಯುತ್ತೇವೆ. ಹೋದ ವರ್ಷ ಒಂದು ಸಂಜೆ ಗೂಡ್ಸ್ ರೈಲು ಹಾದು ಹೋಗುವವರೆಗೂ ನನ್ನ ಸ್ಕೂಟರಿನ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದ. ಗಾರ್ಡ್ ಡಬ್ಬಿ ದಾಟಿದ ಕೂಡಲೇ ಹೇಳಿದ: "ತಾತ, ಐವತ್ತೆಂಟು ವ್ಯಾಗನ್. ಒಂದಕ್ಕೆ ಎಂಟು ಗಾಲಿ. ಒಟ್ಟು ನಾನೂರ ಅರವತ್ತನಾಲ್ಕು. ಇದ್ರಲ್ಲಿ ನಮ್ಮ ಯಲಹಂಕ ಕಾರ್ಖಾನೇಲಿ ಮಾಡಿದ್ದು ಎಷ್ಟು?"

ಮೊದಲನೆಯ ಲೆಕ್ಕವನ್ನು ನಾನು ಮನಸ್ಸಿನಲ್ಲೇ ತಾಳೆ ನೋಡಿದೆ, ಸರಿಯಾಗಿತ್ತು. ಮೂವತ್ತೈದು ವರ್ಷ ಬ್ಯಾಂಕಿನ ಲೆಡ್ಜರಿನಲ್ಲಿ ಕೂಡಿಸಿ ಕಳೆದವನು ನಾನು, ಅಷ್ಟು ಬರುತ್ತದೆ. ಎರಡನೆಯ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ.

ಇಂಥ ಹುಡುಗ ಶಾಲೆಯಲ್ಲಿ ಮೊದಲನೆಯವನಾಗಿರುತ್ತಾನೆ ಎಂದು ನೀವು ಅಂದುಕೊಂಡರೆ ತಪ್ಪು. ಅವನ ನೋಟ್‌ಬುಕ್ ತುಂಬ ಕೆಂಪು ಗೆರೆ. "ಅಪೂರ್ಣ", "ಬರೆಯುವುದರಲ್ಲಿ ಸೋಮಾರಿ", "ಪಕ್ಕದವರಿಗೆ ತೊಂದರೆ". ಟೀಚರ್ ಕೆಟ್ಟವರಲ್ಲ. ನಲವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸಬೇಕು. ಆದರೆ ಮನೆಯಲ್ಲಿ ಎರಡು ಪಕ್ಷ ಆಗಿಹೋಯಿತು. ಅಳಿಯಂದಿರು, "ಇವನಿಗೆ ಎರಡನೇ ಕ್ಲಾಸು ಸಾಲದು, ನೇರ ನಾಲ್ಕಕ್ಕೆ ಹಾಕಿಸೋಣ" ಅಂದರು. ಮಗಳು, "ಮಗು ರಾತ್ರಿ ಅಳ್ತಾನೆ ಅಪ್ಪಾ, ನಾನು ದಡ್ಡ ಅಂತಾನೆ. ಮೊದ್ಲು ಅದು ಯಾಕೆ ಅಂತ ನೋಡೋಣ" ಅಂದಳು. ಶಾಲೆಯವರು ಜಾಣತನದಿಂದ ನಡುವೆ ನಿಂತರು: "ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿ ವರದಿ ತನ್ನಿ, ಆಮೇಲೆ ನೋಡೋಣ."

ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಪುರುಸೊತ್ತಿರುವವನು ಪಿಂಚಣಿದಾರನಾದ ನಾನೊಬ್ಬನೇ. ಕೆಲಸ ನನ್ನ ತಲೆಗೆ ಬಂತು.

ಶುರುವಿನಲ್ಲೇ ಎಡವಿದೆ. ಅದನ್ನು ಹೇಳಿಬಿಡುತ್ತೇನೆ, ನೀವಾದರೂ ಎಡವದಿರಲಿ. ಒಂದು ಭಾನುವಾರ ಪರಿಚಯದವರ ಅಪಾರ್ಟ್‌ಮೆಂಟಿನಲ್ಲಿ ಟೈ ಕಟ್ಟಿದ ಯುವಕನೊಬ್ಬ ಮೇಜು ಹಾಕಿಕೊಂಡು ಕೂತಿದ್ದ. ಹತ್ತು ಬೆರಳಿನ ಗುರುತು ತೆಗೆದುಕೊಂಡರೆ ಮಗುವಿನ ಬುದ್ಧಿ ಎಷ್ಟು, ಯಾವ ಬಗೆಯದು, ಮುಂದೆ ಏನಾಗುತ್ತದೆ ಎಲ್ಲ ಹೇಳುತ್ತೇನೆ ಅಂದ. ಗೋಡೆಗೆ ಮಿದುಳಿನ ಬಣ್ಣದ ಚಿತ್ರ. ನಾನು ಯಾರನ್ನೂ ಕೇಳದೆ ಮೂರೂವರೆ ಸಾವಿರ ಕೊಟ್ಟೆ. ವಾರದ ಮೇಲೆ ನುಣುಪು ಕಾಗದದ ಮೂವತ್ತು ಪುಟ ಬಂತು. ಅದರ ಪ್ರಕಾರ ಪುಟ್ಟ ಹೃದ್ರೋಗ ತಜ್ಞ ಆಗಬಹುದು, ರಾಯಭಾರಿ ಆಗಬಹುದು, ನೃತ್ಯ ನಿರ್ದೇಶಕನೂ ಆಗಬಹುದು.

ಪುಟ್ಟನೇ ಕೇಳಿದ: "ತಾತ, ನಿಮ್ಮ ಬ್ಯಾಂಕಲ್ಲೂ ಹೆಬ್ಬೆಟ್ಟು ಒತ್ತಿಸ್ಕೊಳ್ತಿದ್ರಿ ಅಂತ ಹೇಳಿದ್ರಲ್ಲ, ಅವರ ಬುದ್ಧಿ ಎಷ್ಟು ಅಂತನೂ ಗೊತ್ತಾಗ್ತಿತ್ತಾ?"

ನಾನು ಸುಮ್ಮನಾದೆ. ಎಷ್ಟು ಜನ ರೈತರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೇನೆ! ಆ ಗುರುತಿನಿಂದ ಬಂದವರು ಅವರೇ ಹೌದೋ ಅಲ್ಲವೋ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಅವರ ಬುದ್ಧಿ ತಿಳಿಯಬೇಕಾದರೆ ಸಾಲದ ಬಡ್ಡಿಯ ಬಗ್ಗೆ ಅವರು ಕೇಳುತ್ತಿದ್ದ ಪ್ರಶ್ನೆಗಳನ್ನು ಕೇಳಬೇಕಿತ್ತು. ಬೆರಳ ಗುರುತಿನಿಂದ ಬುದ್ಧಿ ಅಳೆಯುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ನಮ್ಮ ದೇಶದ ಮನೋವೈದ್ಯರ ಸಂಘವೇ ಹೇಳಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಇದರ ಅಣ್ಣನಂಥ ಇನ್ನೊಂದು ವ್ಯಾಪಾರವಿದೆ: ಮಿದುಳಿನ ನಡುಭಾಗವನ್ನು ಚುರುಕು ಮಾಡಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದಿಸುತ್ತೇವೆ ಎನ್ನುವುದು. ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ ಎಂದು ಮಂಗಳೂರಿನ ನರೇಂದ್ರ ನಾಯಕರು ಊರೂರಿನಲ್ಲಿ ತೋರಿಸಿಕೊಟ್ಟಿದ್ದಾರೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಣ ಹೋಗಿದ್ದಕ್ಕಲ್ಲ. ಬ್ಯಾಂಕಿನಲ್ಲಿ ಚೆಕ್ಕು ಬಂದರೆ ನಾವು ಮೊದಲು ನೋಡುತ್ತಿದ್ದುದೇನು? ಅಕ್ಷರ ದುಂಡಗಿದೆಯೇ, ಕೊಟ್ಟವರು ಕೋಟು ಹಾಕಿದ್ದಾರೆಯೇ ಎಂದಲ್ಲ. ಮಾದರಿ ಸಹಿಯ ಕಾರ್ಡು ತೆಗೆದು ಸಹಿ ತಾಳೆ ನೋಡುತ್ತಿದ್ದೆವು. ಐದು ನೂರು ರೂಪಾಯಿಗೆ ಅಷ್ಟು ಎಚ್ಚರ ವಹಿಸುತ್ತಿದ್ದವನು ಮೊಮ್ಮಗನ ವಿಷಯದಲ್ಲಿ ಸಹಿ ನೋಡದೆ ಪಾಸು ಮಾಡಿಬಿಟ್ಟೆನಲ್ಲ!

ಹಾಗಾದರೆ ಮಗುವನ್ನು ಪರೀಕ್ಷಿಸುವವರ ಮಾದರಿ ಸಹಿ ಎಲ್ಲಿದೆ? ನಮ್ಮ ಮಕ್ಕಳ ವೈದ್ಯರು ಹೇಳಿಕೊಟ್ಟರು. 1992ರಲ್ಲಿ ಸಂಸತ್ತು ಮಾಡಿದ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತು ಎಂಬುದೊಂದಿದೆ, ಎಲ್ಲರೂ ಆರ್‌ಸಿಐ ಅನ್ನುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಅಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕಾದರೆ ಮನಃಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ ಆದ ಮೇಲೆ ಎರಡು ವರ್ಷದ ಎಂಫಿಲ್ ಅಥವಾ ಅದಕ್ಕೆ ಸಮನಾದ, ಪರಿಷತ್ತು ಒಪ್ಪಿದ ತರಬೇತಿ ಆಗಿರಬೇಕು. ನೋಂದಣಿ ಆದವರಿಗೆ ಒಂದು ನಂಬರು ಇರುತ್ತದೆ. ಪರಿಷತ್ತಿನ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಒಂದು ಎಚ್ಚರಿಕೆ: ಅದೇ ಪಟ್ಟಿಯಲ್ಲಿ ವಾಕ್ ಶ್ರವಣ ತಜ್ಞರು, ವಿಶೇಷ ಶಿಕ್ಷಕರು ಮುಂತಾಗಿ ಹಲವು ವೃತ್ತಿಯವರಿದ್ದಾರೆ. ನಂಬರು ಇದ್ದರೆ ಸಾಲದು, ಯಾವ ವೃತ್ತಿಗೆ ಕೊಟ್ಟ ನಂಬರು ಎಂದೂ ನೋಡಬೇಕು. 

ನಂಬರಿನ ವಿಷಯ ತಿಳಿದ ಮೇಲೆ ಫೋನು ಹಿಡಿದು ಕೂತೆ. ಹೆಬ್ಬಾಳದಿಂದ ಯಶವಂತಪುರದವರೆಗೆ ಏಳೆಂಟು ಕಡೆ ಮಾತಾಡಿದೆ. ಒಬ್ಬರು ಒಳ್ಳೆಯ ಮಾತಿನವರು, ಆದರೆ ಆರು ತಿಂಗಳ ಸಮಾಲೋಚನೆಯ ಡಿಪ್ಲೊಮಾ ಮಾತ್ರ ಆಗಿತ್ತು. ಇನ್ನೊಬ್ಬರು ಮೂವತ್ತು ನಿಮಿಷದಲ್ಲಿ ಮುಗಿಸಿ ಅಂದೇ ಸರ್ಟಿಫಿಕೇಟು ಕೊಡುತ್ತೇವೆ ಅಂದರು. ನೋಂದಣಿ ನಂಬರು ಕೇಳಿದಾಗ ಒಬ್ಬರು, "ನೀವು ಇನ್‌ಕಂ ಟ್ಯಾಕ್ಸಿನವರಾ?" ಎಂದು ಕೇಳಿ ಫೋನಿಟ್ಟರು. ಹಣೆಬರಹ ಓದಲು ನನಗೆ ಬರುವುದಿಲ್ಲ. ಆದರೆ ನಂಬರು ಕೇಳಿದಾಗ ಸಿಟ್ಟಾಗುವವರನ್ನು ಮೂವತ್ತೈದು ವರ್ಷ ಕೌಂಟರಿನಲ್ಲಿ ನೋಡಿದ್ದೇನೆ.

ನಿಮ್ಹಾನ್ಸ್‌ಗೆ ಹೋಗಬಹುದಿತ್ತು. ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಮಕ್ಕಳ ಮನೋವೈದ್ಯ ವಿಭಾಗವೂ ಅಲ್ಲಿವೆ. ಈ ವಿದ್ಯೆಯ ತರಬೇತಿ ಅಲ್ಲಿ ಶುರುವಾಗಿದ್ದು 1950ರ ದಶಕದಲ್ಲಿ, ನಿಮ್ಹಾನ್ಸ್ ಎಂಬ ಹೆಸರು ಬರುವುದಕ್ಕೂ ಮೊದಲು. ಆದರೆ ಮನೆಯಲ್ಲಿ ಮಾತೆತ್ತಿದರೆ ನಮ್ಮಾಕೆ, "ರೀ, ನಿಮ್ಮ ತಲೆ ಸರಿ ಇದ್ಯಾ? ನಿಮ್ಹಾನ್ಸ್ ಅಂದ್ರೆ ಜನ ಏನಂತಾರೆ? ಮಗು ಬುದ್ಧಿವಂತ ಆಗಿದ್ದೇ ತಪ್ಪಾಯ್ತಾ?" ಅಂದಳು. ಬೆಂಗಳೂರಿನಲ್ಲಿ ನಾವೆಲ್ಲ ಆ ಹೆಸರನ್ನು ತಮಾಷೆಗೆ ಬಳಸಿ ಬಳಸಿ ಹೀಗಾಗಿದೆ. ಅದು ದೊಡ್ಡ ವಿದ್ಯಾಸಂಸ್ಥೆ ಎಂದು ನಾನು ಹೇಳಿದೆ, ಅವಳು ಒಪ್ಪಲಿಲ್ಲ. ನಮ್ಮ ಅದೃಷ್ಟ, ಅಲ್ಲಿಯೇ ಕಲಿತು ಬಂದ ಹೆಣ್ಣುಮಗಳೊಬ್ಬರು ಆರ್‌ಟಿ ನಗರದಲ್ಲಿ ನೋಡುತ್ತಾರೆ ಎಂದು ಮಕ್ಕಳ ವೈದ್ಯರು ಹೇಳಿದರು. ಪಟ್ಟಿಯಲ್ಲಿ ನೋಡಿದೆ. ಹೆಸರಿತ್ತು, ನಂಬರಿತ್ತು, ನೋಂದಣಿ ಚಾಲ್ತಿಯಲ್ಲಿತ್ತು.

ಮೊದಲ ದಿನ ಅವರು ಪುಟ್ಟನಿಗೆ ಪರೀಕ್ಷೆಯನ್ನೇ ಮಾಡಲಿಲ್ಲ. ಮಗಳು ಅಳಿಯರನ್ನು ಕೂರಿಸಿಕೊಂಡು ಒಂದೂವರೆ ಗಂಟೆ ಪ್ರಶ್ನೆ ಕೇಳಿದರು. ಮಗು ಯಾವಾಗ ಮಾತಾಡಿತು, ನಿದ್ದೆ ಹೇಗೆ, ಕಣ್ಣು ಕಿವಿ ತೋರಿಸಿದ್ದೀರಾ, ಮನೆಯಲ್ಲಿ ಯಾವ ಭಾಷೆ, ಶಾಲೆಯ ನೋಟ್‌ಬುಕ್ ತಂದಿದ್ದೀರಾ. ಕೊನೆಗೆ, "ಈ ಪರೀಕ್ಷೆ ಯಾಕೆ ಬೇಕು? ಉತ್ತರ ಬಂದ ಮೇಲೆ ಏನು ಮಾಡ್ತೀರಿ?" ಅಂದರು. ಅಳಿಯಂದಿರು ತರಗತಿ ಹಾರಿಸುವ ಮಾತು ಹೇಳಿದರು. ಮಗಳು ಅಳುವಿನ ವಿಷಯ ಹೇಳಿದಳು. "ಹಾಗಾದ್ರೆ ಎರಡು ಪ್ರಶ್ನೆ ಇವೆ, ಎರಡನ್ನೂ ನೋಡೋಣ" ಎಂದು ಅವರು ಬರೆದುಕೊಂಡರು.

ನಾನು ಹೊರಗೆ ಕೂತವನು ನಡುವೆ ಬಾಯಿ ಹಾಕಿದೆ. "ಮೇಡಂ, ಒಗಟಿನ ಪುಸ್ತಕ ತಂದು ದಿನಾ ಅಭ್ಯಾಸ ಮಾಡಿಸ್ತಾ ಇದೀನಿ" ಎಂದು ಹೆಮ್ಮೆಯಿಂದ ಹೇಳಿದೆ. ಅವರು ನಕ್ಕರು. "ಸಾರ್, ದಯವಿಟ್ಟು ನಿಲ್ಲಿಸಿ. ಜ್ವರ ನೋಡೋ ಮುಂಚೆ ಥರ್ಮಾಮೀಟರನ್ನ ಬಿಸಿನೀರಲ್ಲಿ ಅದ್ದಿದ ಹಾಗಾಗುತ್ತೆ." ಅದಕ್ಕೇ ಪರೀಕ್ಷೆಯ ಪ್ರಶ್ನೆಗಳನ್ನು ಅವರು ಯಾರ ಕೈಗೂ ಕೊಡುವುದಿಲ್ಲ. ಒಮ್ಮೆ ಮಾಡಿದ ಪರೀಕ್ಷೆಯನ್ನು ಬೇಗನೆ ಮತ್ತೆ ಮಾಡಿದರೂ ಅಂಕ ನಂಬುವ ಹಾಗಿರುವುದಿಲ್ಲವಂತೆ.

ಈ ಅಳತೆಗೋಲುಗಳ ಕಥೆಯೂ ಸ್ವಾರಸ್ಯವಾಗಿದೆ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಎಂಬವರು ಮೊದಲ ಪರೀಕ್ಷೆ ಮಾಡಿದ್ದು ಬುದ್ಧಿವಂತರನ್ನು ಹುಡುಕುವುದಕ್ಕಲ್ಲ, ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ತಿಳಿಯುವುದಕ್ಕೆ. ಅದನ್ನು ನಮ್ಮ ಮಕ್ಕಳಿಗೆ ಹೊಂದಿಸಿದವರು ಧಾರವಾಡದಲ್ಲಿ ಕೆಲಸ ಮಾಡಿದ ವಿ.ವಿ. ಕಾಮತ್. 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳ ಮೇಲೆ ಪ್ರಯೋಗ ಮಾಡಿ ಪ್ರಶ್ನೆಗಳನ್ನು ಬದಲಿಸಿದರು. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಇಂದಿಗೂ ವರದಿಗಳಲ್ಲಿ ಕಾಣುತ್ತದೆ. ನಾಗಪುರದ ಮಾಲಿನ್ ಎಂಬವರು 1969ರಲ್ಲಿ ಇನ್ನೊಂದನ್ನು ಹೊಂದಿಸಿದರು. ಅಮೆರಿಕದ ವೆಕ್ಸ್‌ಲರ್ ಅವರ ಪರೀಕ್ಷೆಗೆ ಇತ್ತೀಚಿನ ಭಾರತೀಯ ರೂಪವೂ ಇದೆ.

ಹಳೆಯದು ನಮ್ಮದೇ ಎಂದು ಅಭಿಮಾನಪಡಬಹುದು. ಆದರೆ ಆ ಮೇಡಂ ಒಂದು ಮಾತು ಹೇಳಿದರು. ತಲೆಮಾರಿನಿಂದ ತಲೆಮಾರಿಗೆ ಮಕ್ಕಳು ಇಂಥ ಪ್ರಶ್ನೆಗಳಲ್ಲಿ ಹೆಚ್ಚು ಅಂಕ ತೆಗೆಯುತ್ತಾ ಬಂದಿದ್ದಾರಂತೆ. ಆದ್ದರಿಂದ ಐವತ್ತು ಅರವತ್ತು ವರ್ಷದ ಹಿಂದಿನ ಮಕ್ಕಳ ಜೊತೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಉಬ್ಬಿ ಕಾಣಬಹುದು. ಯಾವ ಪರೀಕ್ಷೆ, ಯಾವ ಕಾಲದ ಮಕ್ಕಳ ಜೊತೆ ಹೋಲಿಕೆ ಎಂದು ಕೇಳುವುದು ನಮ್ಮ ಹಕ್ಕು.

ಪರೀಕ್ಷೆ ಎರಡು ಬೆಳಿಗ್ಗೆ ನಡೆಯಿತು. ಮಗು ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು ಬರಬೇಕು ಎಂದಿದ್ದರು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಿಕ್ಕಿಕೊಂಡು ಮಗು ಸುಸ್ತಾದೀತೆಂದು ನಾವು ಏಳಕ್ಕೇ ಹೊರಟು, ಅವರ ಬೀದಿಯಲ್ಲೇ ಇಡ್ಲಿ ತಿನ್ನಿಸಿದೆವು. ಅವರು ಪುಟ್ಟನ ಜೊತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾತಾಡಿ, ಯಾವುದರಲ್ಲಿ ಅವನಿಗೆ ಸಲೀಸು ಎಂದು ನೋಡಿ ಆಮೇಲೆ ಶುರು ಮಾಡಿದರು. ನಾನು ಬಾಗಿಲ ಹೊರಗೆ. ಒಳಗಿನಿಂದ ಒಮ್ಮೆ ನಗು ಕೇಳಿಸಿತು. ಪುಟ್ಟ ತನ್ನ ರೈಲು ಗಾಲಿಯ ಪ್ರಶ್ನೆಯನ್ನು ಅವರಿಗೂ ಕೇಳಿದ್ದನಂತೆ. ಅವರು "ನಂಗೆ ಗೊತ್ತಿಲ್ಲ ಕಣೋ, ಹೇಗೆ ಕಂಡುಹಿಡೀಬಹುದು ಹೇಳು" ಅಂದರಂತೆ. ಮೂವತ್ತು ಪುಟದವನಿಗೆ ಎಲ್ಲವೂ ಗೊತ್ತಿತ್ತಲ್ಲ ಎಂದು ನನಗೆ ನೆನಪಾಯಿತು.

ಹೊರಗೆ ಬಂದವನೇ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದ: "ತಾತ, ನಾನು ಪಾಸಾ?"

ಆ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ನಾವು ದೊಡ್ಡವರು ತಿಂಗಳುಗಟ್ಟಲೆ ಅವನ ಮುಂದೆಯೇ ಪರೀಕ್ಷೆ, ವರದಿ, ಡಬಲ್ ಪ್ರೊಮೋಷನ್ ಎಂದು ಮಾತಾಡಿದ್ದೆವು. ಮಗುವಿಗೆ ಯಾರೂ ಏನೂ ಹೇಳಿರಲಿಲ್ಲ. ಮೇಡಂ ಕುಕ್ಕರಗಾಲಲ್ಲಿ ಕೂತು, "ಇದ್ರಲ್ಲಿ ಪಾಸು ಫೇಲು ಇಲ್ಲಪ್ಪ. ನಿಂಗೆ ಯಾವುದು ಸುಲಭ, ಯಾವುದು ಕಷ್ಟ ಅಂತ ನೋಡಿದ್ವಿ. ಕಷ್ಟ ಆಗೋದನ್ನ ಟೀಚರ್‌ಗೆ ನಾನೇ ಹೇಳ್ತೀನಿ" ಅಂದರು. ಅವನು ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದ. ಬಹಳ ದಿನದ ಮೇಲೆ.

ಹತ್ತು ದಿನದ ಮೇಲೆ ವರದಿ ಬಂತು. ಎಂಟೇ ಪುಟ, ಬಣ್ಣವಿಲ್ಲ. ಕೆಳಗೆ ಸಹಿ, ನೋಂದಣಿ ನಂಬರು. ನಾನು ಮೊದಲು ಹುಡುಕಿದ್ದು ಅಂಕವನ್ನೇ. ಅವರು ಕಾಗದ ಮಡಿಸಿ ಮೊದಲು ಅಂಕ ಎಂದರೇನು ಎಂದು ವಿವರಿಸಿದರು. ಒಂದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದು ಇಟ್ಟಿರುತ್ತಾರೆ. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. 130 ದಾಟುವವರು ನೂರಕ್ಕೆ ಇಬ್ಬರು. ಸಿಕ್ಕ ಅಂಕವೂ ಕಲ್ಲಿನಲ್ಲಿ ಕೊರೆದದ್ದಲ್ಲ. ಒಳ್ಳೆಯ ವರದಿ "ಇಷ್ಟರಿಂದ ಇಷ್ಟರೊಳಗೆ" ಎಂದು ಹೇಳುತ್ತದೆ. ಪಾಸ್‌ಬುಕ್ಕಿನ ಬ್ಯಾಲೆನ್ಸು ಆ ದಿನಾಂಕದ್ದು, ಮನುಷ್ಯನ ಒಟ್ಟು ಆಸ್ತಿ ಅದಲ್ಲ ಎಂದು ನಾನು ಅರ್ಥ ಮಾಡಿಕೊಂಡೆ.

ಪುಟ್ಟನ ವಿಷಯದಲ್ಲಿ ಒಂದು ಅಂಕಕ್ಕಿಂತ ಅಂಕಗಳ ನಡುವಿನ ಅಂತರವೇ ಮುಖ್ಯವಾಗಿತ್ತು. ಯೋಚಿಸಿ ಬಿಡಿಸುವುದರಲ್ಲಿ ಅವನು ತನ್ನ ವಯಸ್ಸಿನವರಿಗಿಂತ ಬಹಳ ಮುಂದೆ. ಪೆನ್ಸಿಲು ಹಿಡಿದು ಬೇಗ ಬೇಗ ಬರೆಯುವುದರಲ್ಲಿ ಹಿಂದೆ. ತಲೆ ಓಡಿದಷ್ಟು ಕೈ ಓಡುವುದಿಲ್ಲ. ಬುದ್ಧಿ ಕಷ್ಟವನ್ನು ಮುಚ್ಚಿಡುತ್ತದೆ, ಕಷ್ಟ ಬುದ್ಧಿಯನ್ನು ಮುಚ್ಚಿಡುತ್ತದೆ, ಶಾಲೆಯಲ್ಲಿ ಕಾಣುವುದು ಸೋಮಾರಿತನ ಎಂದರು. ಇಂಥ ಮಕ್ಕಳು ಅಪರೂಪವಲ್ಲವಂತೆ. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಕನ್ನಡಕ ಒರೆಸಿಕೊಂಡೆ. ಆ ನೋಟ್‌ಬುಕ್ ಹಿಡಿದು ನಾನೇ ಎಷ್ಟು ಸಲ ಗದರಿದ್ದೆ!

ಅವರ ಸಲಹೆ: ತರಗತಿ ಈಗ ಹಾರಿಸಬೇಡಿ, ನಾಲ್ಕನೇ ಕ್ಲಾಸಿನ ಬರವಣಿಗೆಯಲ್ಲಿ ಮಗು ಮುಳುಗುತ್ತದೆ. ಗಣಿತಕ್ಕೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಿಸಲು ಶಾಲೆಯನ್ನು ಕೇಳಿ. ಬರವಣಿಗೆಗೆ ಆಕ್ಯುಪೇಷನಲ್ ಥೆರಪಿಸ್ಟರನ್ನು ನೋಡಿ. ಉತ್ತರವನ್ನು ಬಾಯಲ್ಲಿ ಹೇಳಲು ಅವಕಾಶ ಕೊಡಿ. ಕೊನೆಯದಾಗಿ ನನ್ನ ಕಡೆ ತಿರುಗಿ, "ಅಂಕವನ್ನ ನೆಂಟರಿಗೆಲ್ಲ ಹೇಳ್ಬೇಡಿ ಸಾರ್." ನಾನು ಅಷ್ಟರಲ್ಲಾಗಲೇ ಬೆಳಗಿನ ವಾಕಿಂಗಿನ ಗೆಳೆಯರಿಗೆಲ್ಲ ಪೀಠಿಕೆ ಹಾಕಿಟ್ಟಿದ್ದೆ. ಅಂಕವನ್ನಾದರೂ ನುಂಗಿಕೊಂಡೆ. ಅದಕ್ಕೇ ಇಲ್ಲೂ ಬರೆದಿಲ್ಲ.

ಅಳತೆಯ ಮಿತಿ ಎಂದಾಗ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರ ಕಥೆ ನೆನಪಾಗುತ್ತದೆ. 1929ರಲ್ಲಿ ಇಲ್ಲೇ ಹುಟ್ಟಿದವರು, ಶಾಲೆಯ ಓದು ಇಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿ ಗಿನ್ನೆಸ್ ಪುಸ್ತಕ ಸೇರಿದರು. ಆರ್ಥರ್ ಜೆನ್ಸನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಮುಂದೆ ಅವರನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ವೇಗದ ಪರೀಕ್ಷೆಗಳಲ್ಲಿ ಶಕುಂತಲಾ ದೇವಿ ಅಸಾಧಾರಣರೇನೂ ಆಗಿರಲಿಲ್ಲ! ಸಂಖ್ಯೆಗಳ ಜೊತೆ ಬಾಲ್ಯದಿಂದ ಬೆಳೆದ ನಂಟು ಗುಂಡಿ ಒತ್ತುವ ಯಂತ್ರಕ್ಕೆ ಕಾಣಲಿಲ್ಲ.

ಪ್ರತಿಭೆ ಹುಡುಕುವುದಕ್ಕೆ ಅಂಕವೊಂದೇ ದಾರಿಯೂ ಅಲ್ಲ. ಯಶವಂತಪುರದ ಪಕ್ಕದಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲೇ ಇರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ, ಅಂದರೆ ನಿಯಾಸ್‌ನಲ್ಲಿ, ಪ್ರತಿಭಾವಂತ ಮಕ್ಕಳ ಬಗ್ಗೆ ಅನಿತಾ ಕುರುಪ್ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ತಂದೆತಾಯಿ ಮತ್ತು ಶಿಕ್ಷಕರು ಮಗುವನ್ನು ಬಹುಕಾಲ ಗಮನಿಸಿ ಹೇಳುವುದಕ್ಕೆ ಅಲ್ಲಿ ತೂಕವಿತ್ತು. ಪರೀಕ್ಷೆಗೆ ಹಣವಿಲ್ಲದವರೂ ಒಂದು ನೋಟ್‌ಬುಕ್ಕಿನಲ್ಲಿ ಮಗು ಕೇಳಿದ ಪ್ರಶ್ನೆ, ತಾನಾಗಿ ಮಾಡಿದ ಕೆಲಸ, ಬಿಟ್ಟು ಓಡಿದ ಕೆಲಸ ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡಬಹುದು. ನಮ್ಮ ಮೇಡಂಗೆ ಬಹಳ ಉಪಯೋಗವಾಗಿದ್ದು ಮಗಳು ಬರೆದಿಟ್ಟಿದ್ದ ಅಂಥದೇ ಒಂದು ಹಳೆಯ ಡೈರಿ.

ನಿಮ್ಮಲ್ಲಿ ಯಾರಿಗಾದರೂ ಈ ಕೆಲಸ ಬಂದರೆ, ನನ್ನ ಜೇಬಿನ ಚೀಟಿಯಲ್ಲಿದ್ದ ಪ್ರಶ್ನೆಗಳು ಇವು:

1. ನಿಮ್ಮ ವಿದ್ಯಾರ್ಹತೆ ಏನು? ನೋಂದಣಿ ನಂಬರು ಎಷ್ಟು, ಯಾವ ವೃತ್ತಿಗೆ, ಈಗ ಚಾಲ್ತಿಯಲ್ಲಿದೆಯೇ?
2. ಯಾವ ಪರೀಕ್ಷೆ? ಎಷ್ಟು ಹೊತ್ತು? ಮಗುವಿನ ಮನೆಮಾತಿನಲ್ಲಿ ಮಾತಾಡುವಿರಾ?
3. ತಂದೆತಾಯಿಯ ಜೊತೆ ಮೊದಲು ಮಾತಾಡುವಿರಾ? ಶಾಲೆಯ ಅಭಿಪ್ರಾಯ ಕೇಳುವಿರಾ?
4. ಒಟ್ಟು ಖರ್ಚು ಎಷ್ಟು, ಅದರಲ್ಲಿ ಬರಹದ ವರದಿ ಮತ್ತು ಅದನ್ನು ವಿವರಿಸುವ ಭೇಟಿ ಸೇರಿದೆಯೇ?
5. ಇದು ನಮಗೇ ನಾವು ಕೇಳಿಕೊಳ್ಳುವುದು: ಉತ್ತರ ಬಂದ ಮೇಲೆ ಮಗುವಿಗಾಗಿ ಏನು ಮಾಡುತ್ತೇವೆ?

ಐದನೆಯದಕ್ಕೆ ಉತ್ತರ ಇಲ್ಲದಿದ್ದರೆ ಹಣ ಉಳಿಸಿ, ಮಗುವನ್ನು ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗಿ.

ಪುಟ್ಟ ಈಗ ಮೂರನೇ ತರಗತಿ. ಗಣಿತದ ಪೀರಿಯಡ್ಡಿಗೆ ಮಾತ್ರ ಐದನೆಯವರ ಜೊತೆ ಕೂರುತ್ತಾನೆ. ಅಕ್ಷರ ಇನ್ನೂ ಕಾಗೆ ಕಾಲೇ, ಆದರೆ ರಾತ್ರಿ ಅಳು ನಿಂತಿದೆ. ನೋಟ್‌ಬುಕ್ಕಿನಲ್ಲಿ ಟೀಚರ್ "ಬಾಯಲ್ಲಿ ಸರಿಯಾಗಿ ಹೇಳಿದ" ಎಂದು ನೀಲಿ ಶಾಯಿಯಲ್ಲಿ ಬರೆಯುತ್ತಾರೆ. ಗಾಲಿಯ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಕಾರ್ಖಾನೆಯವರಿಗೇ ಕಾಗದ ಬರೆಯೋಣ ಎಂದು ಕೂತಿದ್ದೇವೆ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ಸಹಿ ಮಾತ್ರ ಅವನದೇ.